ತೂಕ ಇಳಿದರೂ ತೊಡೆ ಇಳಿಯಲಿಲ್ಲ: ಭಾರ ಎತ್ತಿದರೆ ಹೆಂಗಸರ ಕಾಲು ದಪ್ಪ ಆಗುತ್ತದಾ?

ಕೋಡಿಬಾಗದವಳು · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಬರೆಯುತ್ತಿದ್ದೇನೆ. ವಯಸ್ಸು 34, ಎತ್ತರ ಐದಡಿ ಮೂರಿಂಚು. ಎರಡನೇ ಹೆರಿಗೆ ಆಗಿ ನಾಲ್ಕು ವರ್ಷ. ಮೂರು ತಿಂಗಳ ಹಿಂದೆ ತೂಕ 74 ಕೆಜಿ ಇತ್ತು, ಈಗ 69. ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗುತ್ತೇನೆ. ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು), ಲಂಜ್ (ಒಂದು ಕಾಲು ಮುಂದಿಟ್ಟು ಬಗ್ಗುವುದು), ಜೊತೆಗೆ ಸ್ವಲ್ಪ ಕೈಗೆ, ಬೆನ್ನಿಗೆ. ಉಳಿದ ದಿನ ಸಂಜೆ ಟಾಗೋರ್ ಕಡಲತೀರದಲ್ಲಿ ನಡಿಗೆ. ರಾತ್ರಿ ಅನ್ನ ಅರ್ಧ ಮಾಡಿದ್ದೇನೆ.

ಸೊಂಟ 37 ಇಂಚಿನಿಂದ 34ಕ್ಕೆ ಬಂತು. ಖುಷಿ ಆಯಿತು. ಆದರೆ ತೊಡೆ? 24 ಇದ್ದದ್ದು ಮೊದಲ ತಿಂಗಳಲ್ಲಿ 24 ಮುಕ್ಕಾಲು ಆಯಿತು. ಈಗ ಮತ್ತೆ 24. ಐದು ಕಿಲೋ ಇಳಿಸಿದ ಮೇಲೂ ಕಾಲು ಇದ್ದಲ್ಲೇ ಇದೆ. ದೀಪಾವಳಿಗೆ ಹೊಲಿಸಿದ ಕಾಟನ್ ಪ್ಯಾಂಟು ಸೊಂಟದಲ್ಲಿ ಜಾರುತ್ತದೆ, ತೊಡೆಯಲ್ಲಿ ಮಾತ್ರ ಮೊದಲಿಗಿಂತ ಜಾಸ್ತಿ ಹಿಡಿಯುತ್ತದೆ.

ಮೊನ್ನೆ ನಾದಿನಿ ಬಂದವಳು ಎಲ್ಲರೆದುರು, "ಅತ್ತಿಗೆ, ನಿನ್ನ ಕಾಲು ಗಂಡಸರ ಕಾಲಿನ ಹಾಗೆ ಆಗುತ್ತಿದೆ, ಆ ಭಾರ ಎತ್ತುವುದು ಬಿಡು" ಅಂದಳು. ಅವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಕನ್ನಡಿ ಮುಂದೆ ನಿಂತು ತುಂಬ ಹೊತ್ತು ನೋಡಿಕೊಂಡೆ. ಬೇಜಾರಾಯಿತು. ಟ್ರೇನರ್ ಹತ್ತಿರ ಕೇಳಿದರೆ "ಹಾಗೆಲ್ಲ ಏನೂ ಆಗುವುದಿಲ್ಲ ಮೇಡಂ" ಅನ್ನುತ್ತಾರೆ. ಯಾಕೆ ಆಗುವುದಿಲ್ಲ ಅಂತ ಹೇಳುವುದಿಲ್ಲ.

ಕಾಲಿನ ವ್ಯಾಯಾಮ ಬಿಟ್ಟು ಬರೀ ನಡಿಗೆ ಮಾಡಲಾ? ಅನುಭವ ಇದ್ದವರು ಹೇಳಿ.

ದಿನಾ ಐದು ಕಿಲೋಮೀಟರ್ · ರಾತ್ರಿ 9:52

ಬಿಟ್ಟುಬಿಡಿ ಅಂತಲೇ ಹೇಳುತ್ತೇನೆ. ನಾನು ಬರೀ ನಡೆದು ಎಂಟು ಕಿಲೋ ಇಳಿಸಿದವಳು. ಸೈಕಲ್ ರೇಸಿನವರ ತೊಡೆ ನೋಡಿದ್ದೀರಲ್ಲ? ಕೆಲಸ ಕೊಟ್ಟ ಜಾಗ ಬೆಳೆಯುತ್ತದೆ. ಹೆಂಗಸರಿಗೆ ನಡಿಗೆ, ಸೂರ್ಯನಮಸ್ಕಾರ ಸಾಕು.

ಭಟ್ಕಳದ ತಂಗಿ · ರಾತ್ರಿ 9:58

ನನಗೂ ಇದೇ ಹೆದರಿಕೆ ಅಕ್ಕ. ಜಿಮ್‌ಗೆ ಸೇರಬೇಕು ಅಂತ ಎರಡು ತಿಂಗಳಿಂದ ಯೋಚನೆ ಮಾಡುತ್ತಾ ಕೂತಿದ್ದೇನೆ. ಉತ್ತರಕ್ಕೆ ಕಾಯುತ್ತೇನೆ.

ಬಾರ್ಬೆಲ್ ಅಂಕೋಲಾ · ರಾತ್ರಿ 10:15

@ದಿನಾ ಐದು ಕಿಲೋಮೀಟರ್, ಇದನ್ನು ಒಪ್ಪುವುದಿಲ್ಲ. ನಾನು ಕಾಲೇಜಿನಲ್ಲಿ ಐದು ವರ್ಷ ವೇಟ್‌ಲಿಫ್ಟಿಂಗ್ ಮಾಡಿದವಳು. ತೊಡೆ ದಪ್ಪ ಆಗಲಿ ಅಂತಲೇ ಒದ್ದಾಡಿದವಳು. ವಾರಕ್ಕೆ ಆರು ದಿನ ಅಭ್ಯಾಸ, ದಿನಕ್ಕೆ ಆರು ಮೊಟ್ಟೆ, ಎರಡು ಹೊತ್ತು ಮೀನು, ಹೊಟ್ಟೆ ಬಿರಿಯುವಷ್ಟು ಅನ್ನ. ಅಷ್ಟೆಲ್ಲ ಮಾಡಿ ಮೊದಲ ವರ್ಷ ತೊಡೆ ಬೆಳೆದದ್ದು ಒಂದೂಕಾಲು ಇಂಚು. ತೂಕವೂ ನಾಲ್ಕು ಕಿಲೋ ಏರಿತ್ತು. ತೂಕ ಇಳಿಯುತ್ತಾ ಇರುವಾಗ ತೊಡೆ ಬೆಳೆದವಳು ನಮ್ಮ ತಂಡದಲ್ಲಿ ಒಬ್ಬಳೂ ಇರಲಿಲ್ಲ.

ಮೀರಾಬಾಯಿ ಚಾನು ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು 49 ಕೆಜಿ ವಿಭಾಗದಲ್ಲಿ. ಒಂದೇ ಏಟಿಗೆ ತಲೆ ಮೇಲೆ ಎತ್ತುವ ಸ್ನ್ಯಾಚ್‌ನಲ್ಲಿ 87, ಎರಡು ಹಂತದಲ್ಲಿ ಎತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 115, ಒಟ್ಟು 202 ಕೆಜಿ. ತನ್ನ ತೂಕದ ಎರಡು ಪಟ್ಟಿಗಿಂತ ಹೆಚ್ಚು ಭಾರ ತಲೆ ಮೇಲೆ ಎತ್ತಿದ ಹೆಣ್ಣುಮಗಳು. ಆ ಕಾಲಲ್ಲಿ ಬಲ ಎಷ್ಟಿದೆ ಅಂತ ಯೋಚನೆ ಮಾಡಿ. ಆದರೂ ಅವತ್ತು ಇಡೀ ಮೈ ತೂಕ 49 ದಾಟಿರಲಿಲ್ಲ.

ಸೈಕಲ್ ವಿಷಯಕ್ಕೆ ಬಂದರೆ, ಟ್ರ್ಯಾಕ್ ಮೇಲೆ ಒಂದು ನಿಮಿಷ ಜೀವ ಬಿಟ್ಟು ತುಳಿಯುವವರ ತೊಡೆ ದಪ್ಪ. ದಿನವಿಡೀ ಘಟ್ಟ ಹತ್ತುವ ರೇಸಿನವರ ಕಾಲು ಸಪೂರ. ಎರಡೂ ಸೈಕಲ್ಲೇ ಅಲ್ವಾ?

@ಕೋಡಿಬಾಗದವಳು, ನೀವು ಈಗ ಎಷ್ಟು ಎತ್ತುತ್ತಿದ್ದೀರಿ?

ಕೋಡಿಬಾಗದವಳು · ರಾತ್ರಿ 10:21

ಸ್ಕ್ವಾಟ್ 30 ಕೆಜಿ. ಡೆಡ್‌ಲಿಫ್ಟ್ 40. ಶುರು ಮಾಡಿದಾಗ ಬರೀ ರಾಡ್ ಎತ್ತುವುದೂ ಕಷ್ಟ ಆಗಿತ್ತು.

ಬಾರ್ಬೆಲ್ ಅಂಕೋಲಾ · ರಾತ್ರಿ 10:24

ಚೆನ್ನಾಗಿ ಮಾಡುತ್ತಿದ್ದೀರಿ. ನಿಲ್ಲಿಸಬೇಡಿ.

ತೋಟದ ಮನೆ ಶಿರಸಿ · ರಾತ್ರಿ 10:40

ನಮ್ಮ ಕಡೆ ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ಇಳಿಯುವ ಹೆಂಗಸರ ಕಾಲು ನೋಡಿ. ಇಪ್ಪತ್ತು, ಇಪ್ಪತ್ತೈದು ಕಿಲೋ ತಲೆ ಮೇಲೆ. ಕಲ್ಲು, ಬೇರು ನೋಡಿಕೊಂಡು ಹೆಜ್ಜೆ ಇಡುತ್ತಾರೆ. ಒಬ್ಬರ ಕಾಲೂ ದಪ್ಪ ಇಲ್ಲ. ಭಾರ ಹೊತ್ತರೆ ಕಾಲು ದಪ್ಪ ಆಗುವುದಾದರೆ ಮೊದಲು ಅವರದ್ದು ಆಗಬೇಕಿತ್ತು.

ಯಲ್ಲಾಪುರ ಘಟ್ಟ · ರಾತ್ರಿ 11:02

ಈ ಉದಾಹರಣೆ ನನಗೆ ಸರಿ ಕಾಣುವುದಿಲ್ಲ. ನನ್ನ ಆಯಿ (ಅಮ್ಮ) ಮದುವೆ ಆದ ಮೇಲೆ ಮೂವತ್ತು ವರ್ಷ ಸೊಪ್ಪು ಹೊತ್ತವಳು. ಕಾಲು ಸಪೂರ ಇತ್ತು, ಹೌದು. ಯಾಕೆಂದರೆ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುತ್ತಿದ್ದಳು. ರಕ್ತ ಕಡಿಮೆ ಅಂತ ಆಸ್ಪತ್ರೆಯಲ್ಲಿ ಹೇಳಿದ್ದು ಐವತ್ತು ದಾಟಿದ ಮೇಲೆ. ಅವರ ಕಾಲು ತೋರಿಸಿ "ನೋಡಿ, ಎಷ್ಟು ಚೆಂದ" ಅಂದರೆ ನನಗೆ ಸಂಕಟ ಆಗುತ್ತದೆ.

ಮತ್ತೆ, ಅವರು ಹೊರುವ ಹೊರೆ ವರ್ಷಗಟ್ಟಲೆ ಅಷ್ಟೇ ಇರುತ್ತದೆ. ಜಿಮ್ಮಿನಲ್ಲಿ ಭಾರ ಏರಿಸುತ್ತಾ ಹೋಗುತ್ತಾರೆ. ಎರಡೂ ಒಂದೇ ಅಲ್ಲ.

ತೋಟದ ಮನೆ ಶಿರಸಿ · ರಾತ್ರಿ 11:10

ನೀವು ಹೇಳಿದ್ದು ನಿಜ. ಊಟದ ವಿಷಯ ನಾನು ಯೋಚಿಸಿರಲಿಲ್ಲ. ನಮ್ಮ ಅಜ್ಜಿಯೂ ಹಾಗೇ ಉಳಿದದ್ದು ಉಂಡವಳು.

ಫಿಸಿಯೋ ಕುಮಟಾ · ಸೋಮವಾರ, ಬೆಳಿಗ್ಗೆ 6:30

ಕ್ಲಿನಿಕ್ಕಿಗೆ ಹೋಗುವ ಮೊದಲು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲ ತಿಂಗಳು ಮುಕ್ಕಾಲು ಇಂಚು ಜಾಸ್ತಿ ಆದದ್ದು ಸ್ನಾಯು ಅಲ್ಲ. ಅಷ್ಟು ಬೇಗ ಅಷ್ಟು ಸ್ನಾಯು ಯಾರಿಗೂ ಬೆಳೆಯುವುದಿಲ್ಲ, ಗಂಡಸರಿಗೂ. ಅದು ನೀರು. ಹೊಸ ಕೆಲಸ ಕೊಟ್ಟಾಗ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟಾಗುತ್ತದೆ. ಅದನ್ನು ರಿಪೇರಿ ಮಾಡಲು ದೇಹ ಅಲ್ಲಿಗೆ ನೀರು ಕಳಿಸುತ್ತದೆ. ಮೊದಲ ವಾರ ಮೆಟ್ಟಿಲು ಇಳಿಯುವಾಗ ತೊಡೆ ನೋಯುತ್ತಿತ್ತಲ್ಲ, ಅದರ ಜೊತೆಯಲ್ಲೇ ಈ ಊತವೂ ಬರುತ್ತದೆ. ಇನ್ನೊಂದು, ವ್ಯಾಯಾಮ ಮಾಡುವ ಸ್ನಾಯು ಗ್ಲೈಕೋಜನ್ ಅನ್ನುವ ಸಕ್ಕರೆ ರೂಪದ ಇಂಧನವನ್ನು ಜಾಸ್ತಿ ಕೂಡಿಡಲು ಕಲಿಯುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಕೂಡಿಕೊಳ್ಳುತ್ತದೆ. ಆದ್ದರಿಂದಲೇ ಕಾಲು ಬಿಗಿ, ಗಟ್ಟಿ ಅನ್ನಿಸುವುದು.

ಈಗ ತೊಡೆ ಯಾಕೆ ಇಳಿಯುತ್ತಿಲ್ಲ? ಹೆಂಗಸರಲ್ಲಿ ಈಸ್ಟ್ರೋಜನ್ ಹಾರ್ಮೋನಿನಿಂದಾಗಿ ಕೊಬ್ಬು ಮೊದಲು ಸೇರುವುದು ಪಿರ್ರೆ, ತೊಡೆಗೆ. ಬಸಿರು, ಬಾಣಂತನಕ್ಕೆ ದೇಹ ಎತ್ತಿಟ್ಟ ಕೂಡಿಕೆ ಅದು. ಹೊಟ್ಟೆಯ ಕೊಬ್ಬು ಬೇಗ ಬಿಟ್ಟುಕೊಡುತ್ತದೆ, ತೊಡೆಯದ್ದು ಹಟ ಮಾಡುತ್ತದೆ. ನಿಮ್ಮ ಸೊಂಟ ಮೂರು ಇಂಚು ಇಳಿದದ್ದು ಆರೋಗ್ಯದ ದೃಷ್ಟಿಯಿಂದ ತುಂಬ ಒಳ್ಳೆಯ ಸುದ್ದಿ. ಸಕ್ಕರೆ ಕಾಯಿಲೆ, ಹೃದಯದ ತೊಂದರೆಗೆ ದಾರಿ ಮಾಡುವುದು ಹೊಟ್ಟೆಯ ಕೊಬ್ಬೇ ಹೊರತು ತೊಡೆಯದ್ದಲ್ಲ.

ಒಂದು ಲೆಕ್ಕ ಹೇಳುತ್ತೇನೆ. ತೊಡೆಯ ಚರ್ಮದ ಕೆಳಗಿನ ಕೊಬ್ಬಿನ ಪದರ ಸುತ್ತಲೂ 2 ಮಿಲಿಮೀಟರ್ ತೆಳ್ಳಗಾದರೆ ಟೇಪಿನಲ್ಲಿ ಕಾಣುವುದು ಅರ್ಧ ಇಂಚು. ಅದೇ ಹೊತ್ತಿಗೆ ಒಳಗೆ ಸ್ನಾಯು, ನೀರು ಸೇರಿ ಅಷ್ಟೇ ಜಾಗ ತುಂಬಿದರೆ ಟೇಪು ಅಲುಗುವುದೇ ಇಲ್ಲ. ನೀವು 24ರಿಂದ 24ಕ್ಕೆ ಬಂದದ್ದರಲ್ಲಿ ಇದೆಲ್ಲ ನಡೆದಿರಬಹುದು. ಇದ್ದಲ್ಲೇ ಇದೆ ಅಂತ ಹೇಳಲಾಗದು.

ಸ್ನಾಯು ಬೆಳೆಸುವ ಹಾರ್ಮೋನ್ ಟೆಸ್ಟೋಸ್ಟಿರೋನ್ ಹೆಂಗಸರಲ್ಲಿ ಗಂಡಸರಲ್ಲಿ ಇರುವುದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗಂತ ಹೆಂಗಸರಿಗೆ ಸ್ನಾಯು ಬೆಳೆಯುವುದೇ ಇಲ್ಲ ಅಂತಲ್ಲ. ಬೆಳೆಯುತ್ತದೆ, ನಿಧಾನವಾಗಿ. ಊಟ ಕಡಿಮೆ ಮಾಡಿ ತೂಕ ಇಳಿಸುತ್ತಿರುವಾಗ ಇನ್ನೂ ನಿಧಾನ.

ದಿನಾ ಐದು ಕಿಲೋಮೀಟರ್ · ಬೆಳಿಗ್ಗೆ 7:15

@ಫಿಸಿಯೋ ಕುಮಟಾ, ಓದಿದೆ. ಆದರೆ ನನ್ನ ತೊಡೆ ಎರಡು ಇಂಚು ಇಳಿಯಿತು, ಅವರದ್ದು ಇಳಿಯಲಿಲ್ಲ. ಕಣ್ಣೆದುರಿನ ಫಲಿತಾಂಶ ಬಿಟ್ಟು ಹಾರ್ಮೋನ್ ಲೆಕ್ಕ ಯಾಕೆ?

ಫಿಸಿಯೋ ಕುಮಟಾ · ಬೆಳಿಗ್ಗೆ 7:32

ನೀವು ಎಂಟು ಕಿಲೋ ಇಳಿಸಿದಿರಿ, ಅವರು ಐದು. ಅದೇ ದೊಡ್ಡ ವ್ಯತ್ಯಾಸ. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಬಲದ ವ್ಯಾಯಾಮ ಇಲ್ಲದೆ ತೂಕ ಇಳಿಸಿದರೆ ಹೋದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬು ಆಗಿರುವುದಿಲ್ಲ, ಸ್ನಾಯು ಮತ್ತಿತರ ಭಾಗ ಆಗಿರುತ್ತದೆ. ತೊಡೆ ಇಳಿದದ್ದರಲ್ಲಿ ಸ್ನಾಯುವೂ ಸೇರಿರಬಹುದು. ಕೈ ಊರದೆ ನೆಲದಿಂದ ಎದ್ದು ನೋಡಿ, ಗೊತ್ತಾಗುತ್ತದೆ.

ದಿನಾ ಐದು ಕಿಲೋಮೀಟರ್ · ಬೆಳಿಗ್ಗೆ 7:50

ನೋಡಿದೆ. ಕೈ ಊರಬೇಕಾಯಿತು. ಆದರೂ ನಡಿಗೆ ಬಿಡಿ ಅಂತ ಮಾತ್ರ ಹೇಳಬೇಡಿ. ನನ್ನ ಬಿಪಿ ಹದಕ್ಕೆ ಬಂದದ್ದು ಅದರಿಂದಲೇ.

ಫಿಸಿಯೋ ಕುಮಟಾ · ಬೆಳಿಗ್ಗೆ 7:54

ಖಂಡಿತ ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಎರಡೂ ಬೇಕು ಅಂತಲೇ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥದ್ದು, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ.

ಬೈತಖೋಲದವ · ಬೆಳಿಗ್ಗೆ 8:20

ಅಕ್ಕಂದಿರ ಮಧ್ಯೆ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನನ್ನ ಹೆಂಡತಿ ತೊಡೆಗೆ ಪ್ಲಾಸ್ಟಿಕ್ ಸುತ್ತಿಕೊಂಡು ನಡೆಯುತ್ತಾಳೆ. ಬೆವರು ಬಂದು ಅಲ್ಲಿನ ಕೊಬ್ಬು ಕರಗುತ್ತದೆ ಅಂತ ಯಾರೋ ಹೇಳಿದ್ದಂತೆ. ಒಂದು ಇಂಚು ಕಡಿಮೆ ಆದದ್ದೂ ಹೌದು. ಇದು ಸರಿಯಾ?

ಬಾರ್ಬೆಲ್ ಅಂಕೋಲಾ · ಬೆಳಿಗ್ಗೆ 8:41

ಬೇಡ ಅಣ್ಣಾ. ಹೋದದ್ದು ಬೆವರು, ಎರಡು ಲೋಟ ನೀರು ಕುಡಿದರೆ ವಾಪಸ್ ಬರುತ್ತದೆ. ಒಂದೇ ಜಾಗದ ಕೊಬ್ಬು ಆರಿಸಿ ಕರಗಿಸಲು ಬರುವುದಿಲ್ಲ, ಪ್ಲಾಸ್ಟಿಕ್‌ನಿಂದಲೂ ಇಲ್ಲ, ವ್ಯಾಯಾಮದಿಂದಲೂ ಇಲ್ಲ. ನಮ್ಮ ಕರಾವಳಿ ಸೆಕೆಯಲ್ಲಿ ಚರ್ಮಕ್ಕೆ ಬೆವರುಸಾಲೆ ಏಳುತ್ತದೆ, ತಲೆ ಸುತ್ತು ಬರಬಹುದು. ಇವತ್ತೇ ನಿಲ್ಲಿಸಲು ಹೇಳಿ.

ಬೈತಖೋಲದವ · ಬೆಳಿಗ್ಗೆ 8:45

ಹೇಳುತ್ತೇನೆ. ತುಂಬ ಉಪಕಾರ ಆಯಿತು.

ಗೋಕರ್ಣ ರಥಬೀದಿ · ಬೆಳಿಗ್ಗೆ 11:05

ಎಲ್ಲರೂ "ದಪ್ಪ ಆಗುವುದಿಲ್ಲ, ಆಗುವುದಿಲ್ಲ" ಅನ್ನುತ್ತೀರಿ. ನನ್ನದು ಆಯಿತು. ಒಂದು ವರ್ಷ ಭಾರ ಎತ್ತಿದೆ, ತೂಕ 58 ಇದ್ದದ್ದು 58ರಲ್ಲೇ ಇದೆ, ತೊಡೆ ಒಂದು ಇಂಚು ಹೆಚ್ಚಾಯಿತು. ಹಳೇ ಜೀನ್ಸ್ ಎರಡೂ ತಂಗಿಗೆ ಕೊಟ್ಟೆ. ಇದನ್ನು ಹೇಳಿದಾಗಲೆಲ್ಲ "ನೀನು ಜಾಸ್ತಿ ತಿಂದಿರಬೇಕು" ಅನ್ನುವ ಉತ್ತರ ಸಿಗುತ್ತದೆ. ನಾನು ಸುಳ್ಳು ಹೇಳುತ್ತಿಲ್ಲ.

ಬಾರ್ಬೆಲ್ ಅಂಕೋಲಾ · ಬೆಳಿಗ್ಗೆ 11:30

ನಂಬುತ್ತೇನೆ. ಕೆಲವರ ಮೈಕಟ್ಟು ಹಾಗೆ, ಕಾಲಿಗೆ ಬೇಗ ಸ್ನಾಯು ಹಿಡಿಯುತ್ತದೆ. ನಮ್ಮ ತಂಡದಲ್ಲೂ ಇಬ್ಬರು ಇದ್ದರು. ಆದರೆ ನಿಮಗೆ ಅದು ಒಂದು ವರ್ಷ ಹಿಡಿಯಿತು, ತೂಕವೂ ಇಳಿಯುತ್ತಿರಲಿಲ್ಲ. ಮೂಲ ಪ್ರಶ್ನೆ ತೂಕ ಇಳಿಸುವವರದ್ದು.

ಬೇಡ ಅನ್ನಿಸಿದರೆ ಕಾಲಿನ ಕೆಲಸ ಕಡಿಮೆ ಮಾಡಿ. ಗಳಿಸಿದ ಬಲ ಉಳಿಸಿಕೊಳ್ಳಲು ವಾರಕ್ಕೆ ಒಂದು ದಿನ ಸಾಕಾಗುತ್ತದೆ, ಎತ್ತುವ ಭಾರ ಮಾತ್ರ ಕಡಿಮೆ ಮಾಡಬಾರದು. ರಾತ್ರಿ ಬೆಳಗಾಗುವುದರೊಳಗೆ ಯಾರೂ ದಪ್ಪ ಆಗುವುದಿಲ್ಲ. ಬೇಡ ಅನ್ನಿಸಿದಲ್ಲಿಗೆ ನಿಲ್ಲಿಸಲು ಬೇಕಾದಷ್ಟು ಸಮಯ ಇರುತ್ತದೆ.

ಗೋಕರ್ಣ ರಥಬೀದಿ · ಬೆಳಿಗ್ಗೆ 11:36

ನಿಲ್ಲಿಸಲು ಮನಸ್ಸಿಲ್ಲ. ಈಗ ತುಂಬಿದ ಗ್ಯಾಸ್ ಸಿಲಿಂಡರ್ ಒಬ್ಬಳೇ ಎತ್ತಿ ಒಳಗೆ ತರುತ್ತೇನೆ. ನನಗೆ ನಿಜ ಹೇಳುವವರು ಬೇಕಿತ್ತು, ಅಷ್ಟೇ.

ಅಳತೆ ಪುಸ್ತಕ · ಮಧ್ಯಾಹ್ನ 2:10

ನಾನು ಅಂಕೋಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಜಿಮ್ಮಿನ ವಿಷಯ ಗೊತ್ತಿಲ್ಲ, ಪ್ಯಾಂಟಿನ ವಿಷಯ ಗೊತ್ತು.

@ಕೋಡಿಬಾಗದವಳು, ನಿಮ್ಮ ಪ್ಯಾಂಟಿಗೆ ಎಲಾಸ್ಟಿಕ್ ಇದೆಯಾ? ಇದ್ದರೆ ಕೇಳಿ. ಸೊಂಟ ಮೂರು ಇಂಚು ಇಳಿದಿದೆ ಅಂದಿರಿ. ಹಾಗಾದರೆ ಎಲಾಸ್ಟಿಕ್ ಈಗ ಸೊಂಟದ ಮೇಲೆ ನಿಲ್ಲುವುದಿಲ್ಲ, ಒಂದೂವರೆ ಎರಡು ಇಂಚು ಕೆಳಗೆ ಜಾರಿ ಪಿರ್ರೆಯ ಮೇಲೆ ಕೂರುತ್ತದೆ. ಆಗ ಇಡೀ ಪ್ಯಾಂಟು ಕೆಳಗೆ ಇಳಿಯುತ್ತದೆ. ತೊಡೆಗೆ ಅಂತ ಬಿಟ್ಟ ಅಗಲ ತೊಡೆಯ ಕೆಳಗೆ ಹೋಯಿತು, ಎರಡೂ ಕಾಲು ಕೂಡುವ ಜಾಗದ ಬಟ್ಟೆ ತೊಡೆಯ ನಡುವೆ ಸಿಕ್ಕಿಕೊಂಡಿತು. ನಡೆಯುವಾಗ ಹಿಡಿಯುತ್ತದೆ. ತೊಡೆ ದಪ್ಪ ಆಯಿತು ಅಂತ ಅನ್ನಿಸುತ್ತದೆ. ತೂಕ ಇಳಿಸಿದ ಹತ್ತು ಹೆಂಗಸರಲ್ಲಿ ಆರೇಳು ಜನ ಇದೇ ದೂರು ತರುತ್ತಾರೆ. ನಾನು ಎಲಾಸ್ಟಿಕ್ ಬಿಗಿ ಮಾಡಿ ಕೊಟ್ಟರೆ ದೂರು ಮುಗಿಯುತ್ತದೆ.

ಕಾಟನ್ ಬೇರೆ. ನೀರಲ್ಲಿ ನೆನೆಸದೆ ಹೊಲಿದಿದ್ದರೆ ನಾಲ್ಕು ತೊಳೆತಕ್ಕೆ ಅರ್ಧ ಇಂಚು ಕುಗ್ಗಿರುತ್ತದೆ.

ನಿಮ್ಮ ಮಾತು ಓದಿದ ಮೇಲೆ ಹಳೇ ಅಳತೆ ಪುಸ್ತಕ ತೆಗೆದು ನೋಡಿದೆ. ಒಬ್ಬೊಬ್ಬರದು ಆರೇಳು ವರ್ಷದ್ದು ಇದೆ. ತೆಳ್ಳಗಾದವರಲ್ಲಿ ಮೊದಲು ಇಳಿದದ್ದು ಸೊಂಟ, ಆಮೇಲೆ ಎದೆ, ತೋಳು. ತೊಡೆ ಕೊನೆಗೆ. ಜಿಮ್‌ಗೆ ಹೋದವರಲ್ಲೂ ಹಾಗೇ, ಹೋಗದವರಲ್ಲೂ ಹಾಗೇ.

ಕೋಡಿಬಾಗದವಳು · ಮಧ್ಯಾಹ್ನ 2:48

ಅಕ್ಕ, ಈಗಷ್ಟೇ ಆ ಪ್ಯಾಂಟು ಹಾಕಿ ನೋಡಿದೆ. ಎಲಾಸ್ಟಿಕ್ಕೇ. ಎರಡೂ ಕೈಯಲ್ಲಿ ಹಿಡಿದು ಮೊದಲಿನ ಜಾಗಕ್ಕೆ ಎಳೆದು ನಿಂತೆ. ತೊಡೆಯಲ್ಲಿ ಸಲೀಸಾಗಿ ಕೂತಿತು! ಬೆರಳು ಹಾಕಿದರೆ ಬಟ್ಟೆ ಹಿಡಿಯಲು ಸಿಗುತ್ತದೆ. ಕೈ ಬಿಟ್ಟರೆ ಕೆಳಗೆ ಜಾರಿ ಮತ್ತೆ ಬಿಗಿ. ನಾಲ್ಕು ಸಲ ಮಾಡಿ ನೋಡಿದೆ. ಎರಡು ತಿಂಗಳಿಂದ ಈ ಪ್ಯಾಂಟು ನೋಡಿ ಅಳುತ್ತಿದ್ದೆ ನಾನು.

ಭಟ್ಕಳದ ತಂಗಿ · ಮಧ್ಯಾಹ್ನ 2:51

ಅಯ್ಯೋ ದೇವರೇ. ನಿಜವಾ!

ತೋಟದ ಮನೆ ಶಿರಸಿ · ಮಧ್ಯಾಹ್ನ 3:05

ಟೇಲರ್ ಅಕ್ಕ, ನಿಮ್ಮಂಥವರು ಇಲ್ಲಿ ಜಾಸ್ತಿ ಬರೆಯಬೇಕು.

ಫಿಸಿಯೋ ಕುಮಟಾ · ಸಂಜೆ 5:40

ಇದು ನನಗೂ ಹೊಳೆದಿರಲಿಲ್ಲ. ಇನ್ನು ಮೇಲೆ ಬಂದವರಿಗೆ ಹೇಳುತ್ತೇನೆ.

ಟೇಪು ಹಿಡಿಯುವ ಕ್ರಮವನ್ನೂ ಹೇಳಿಬಿಡುತ್ತೇನೆ. ಮಂಡಿಚಿಪ್ಪಿನ ಮೇಲಂಚಿನಿಂದ ಎಂಟು ಇಂಚು ಮೇಲೆ ಪೆನ್ನಿನಲ್ಲಿ ಗುರುತು ಹಾಕಿ. ಪ್ರತಿ ಸಲ ಅದೇ ಕಾಲು, ಅದೇ ಎತ್ತರ. ಬೆಳಿಗ್ಗೆ ಎದ್ದ ಮೇಲೆ, ತೂಕ ಎರಡೂ ಕಾಲಿಗೆ ಸಮ ಬಿಟ್ಟು ನಿಂತು. ಜಿಮ್ಮಿನಿಂದ ಬಂದ ಸಂಜೆ ಅಳೆಯಬೇಡಿ, ಆಗ ರಕ್ತ ತುಂಬಿ ತೊಡೆ ಉಬ್ಬಿರುತ್ತದೆ. ಮುಟ್ಟಿನ ಹಿಂದಿನ ದಿನಗಳಲ್ಲೂ ಬೇಡ, ಮೈಯಲ್ಲಿ ನೀರು ನಿಂತಿರುತ್ತದೆ. ಎರಡು ವಾರಕ್ಕೊಮ್ಮೆ ಸಾಕು.

ಕೋಡಿಬಾಗದವಳು · ಸಂಜೆ 6:02

ನಾನು ಜಿಮ್ಮಿನಿಂದ ಬಂದ ಕೂಡಲೇ ಅಳೆಯುತ್ತಿದ್ದೆ. ಜಾಗವೂ ಅಂದಾಜು.

ಶರಾವತಿ ದಡ · ಸಂಜೆ 7:25

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಓದುವವರಲ್ಲಿ ಯಾರಿಗಾದರೂ ಉಪಯೋಗ ಆಗಬಹುದು.

ನನ್ನ ಕಾಲು ಯಾವ ವ್ಯಾಯಾಮದಿಂದಲೂ, ಯಾವ ಉಪವಾಸದಿಂದಲೂ ಇಳಿಯಲಿಲ್ಲ. ಸೊಂಟದಿಂದ ಮೇಲೆ ಸಪೂರ, ಕೆಳಗೆ ಎರಡೂ ಕಾಲು ಸಮವಾಗಿ ದಪ್ಪ. ಪಾದ ಮಾತ್ರ ಮೊದಲಿನಂತೆಯೇ. ಹಿಮ್ಮಡಿಗಿಂತ ಮೇಲೆ, ಕಣಕಾಲಿನ ಹತ್ತಿರ, ಬಳೆ ತೊಡಿಸಿದ ಹಾಗೆ ಗೆರೆ ಬಿದ್ದು ದಪ್ಪ ಅಲ್ಲಿಗೇ ನಿಲ್ಲುತ್ತದೆ. ಒತ್ತಿದರೆ ನೋವು. ಮೇಜಿನ ಅಂಚು ಸ್ವಲ್ಪ ತಾಗಿದರೂ ನೀಲಿ ಕಲೆ. ಹನ್ನೊಂದು ವರ್ಷ ಹೋದಲ್ಲೆಲ್ಲ "ಊಟ ಕಡಿಮೆ ಮಾಡಮ್ಮ" ಅನ್ನುವುದನ್ನೇ ಕೇಳಿದೆ. ಊರಲ್ಲಿ ಆನೆಕಾಲಾ ಅಂತ ಕೇಳಿದವರೂ ಇದ್ದಾರೆ. ಕೊನೆಗೆ ಒಬ್ಬ ವೈದ್ಯೆ ನೋಡಿ ಹೇಳಿದರು, ಇದು ಲಿಪೆಡೀಮಾ, ಕಾಲಿನಲ್ಲಿ ಕೊಬ್ಬು ಅಸಹಜವಾಗಿ ಸೇರುವ ಕಾಯಿಲೆ. ಹೆಂಗಸರಿಗೇ ಬರುವುದು ಹೆಚ್ಚು. ಪ್ರಾಯಕ್ಕೆ ಬಂದಾಗ, ಬಸುರಿ ಆದಾಗ, ಮುಟ್ಟು ನಿಲ್ಲುವಾಗ ಶುರುವಾಗುತ್ತದೆ ಅಥವಾ ಜಾಸ್ತಿ ಆಗುತ್ತದೆ.

ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತೆ. ಕಾಯಿಲೆ ಇದೆ ಅಂತಲ್ಲ. ಅಷ್ಟು ವರ್ಷ ನಾನೇ ಸೋಮಾರಿ ಅಂದುಕೊಂಡಿದ್ದೆನಲ್ಲ, ಅದಕ್ಕೆ.

ಫಿಸಿಯೋ ಕುಮಟಾ · ಸಂಜೆ 7:48

ಬರೆದದ್ದಕ್ಕೆ ತುಂಬ ಧನ್ಯವಾದ ಅಕ್ಕ. ನೀವು ಹೇಳಿದ ಗುರುತುಗಳು ಇದ್ದವರು ದಯವಿಟ್ಟು ವೈದ್ಯರಿಗೆ ತೋರಿಸಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅದು ಬೇರೆ ವಿಷಯ, ರಕ್ತನಾಳದಲ್ಲಿ ಹೆಪ್ಪು ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ತೋಟದ ಮನೆ ಶಿರಸಿ · ರಾತ್ರಿ 8:15

ಊಟದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮದು ಸಸ್ಯಾಹಾರ. ತಂಬುಳಿ, ಅಪ್ಪೆಹುಳಿ, ಅನ್ನದಲ್ಲೇ ದಿನ ಹೋಗುತ್ತದೆ. ಇದರಲ್ಲಿ ಪ್ರೋಟೀನ್ ಎಲ್ಲಿಂದ ತರುವುದು?

ಬೈತಖೋಲದವ · ರಾತ್ರಿ 8:22

ಬಂಗಡೆ ತಿನ್ನಿ. 100 ಗ್ರಾಂಗೆ ಸುಮಾರು 19 ಗ್ರಾಂ ಪ್ರೋಟೀನ್, ಒಳ್ಳೆಯ ಎಣ್ಣೆ ಅಂಶವೂ ಇದೆ. ಪೌಡರ್ ಡಬ್ಬಿಗೆ ದುಡ್ಡು ಹಾಕುವ ಬದಲು ಮೀನು ಮಾರ್ಕೆಟ್‌ಗೆ ಬನ್ನಿ.

ತೋಟದ ಮನೆ ಶಿರಸಿ · ರಾತ್ರಿ 8:24

ಸಸ್ಯಾಹಾರ ಅಂತ ಈಗಷ್ಟೇ ಬರೆದೆನಲ್ಲ ಅಣ್ಣಾ.

ಬೈತಖೋಲದವ · ರಾತ್ರಿ 8:26

ಕ್ಷಮಿಸಿ, ಅವಸರದಲ್ಲಿ ಓದಿದೆ.

ಬಾರ್ಬೆಲ್ ಅಂಕೋಲಾ · ರಾತ್ರಿ 8:50

ತಂಬುಳಿ ಇರಲಿ, ಜೊತೆಗೆ ಬೇಳೆ, ಹೆಸರುಕಾಳು, ಕಡಲೆ, ಮೊಸರು, ಪನೀರ್, ಸೋಯಾ ಸೇರಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಾಮಾನ್ಯರಿಗೆ ಹೇಳುವುದು ಮೈತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. 60 ಕಿಲೋ ಇದ್ದವರಿಗೆ ಸುಮಾರು 50 ಗ್ರಾಂ. ಭಾರ ಎತ್ತುತ್ತಾ ತೂಕ ಇಳಿಸುವವರಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕು. ಒಂದೇ ಹೊತ್ತಿಗೆ ತಿನ್ನದೆ ಮೂರೂ ಹೊತ್ತಿಗೆ ಹಂಚಿ.

ಮೀನು ತಿನ್ನುವವರಿಗೂ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ಬಂದ್. ಆಗ ಮನೆಯಲ್ಲಿ ಒಣಮೀನು ಜಾಸ್ತಿ ಆಗುತ್ತದೆ. ಅದರ ಉಪ್ಪಿಗೆ ಮೈಯಲ್ಲಿ ನೀರು ನಿಂತು ಮರುದಿನ ತೂಕ ಒಂದು ಕಿಲೋ ಏರಿದ ಹಾಗೆ ಕಾಣುತ್ತದೆ. ಗಾಬರಿ ಬೇಡ.

ಬನವಾಸಿ ಅಕ್ಕೋರು · ಮಂಗಳವಾರ, ಬೆಳಿಗ್ಗೆ 5:50

ನಾನು ನಿವೃತ್ತ ಶಿಕ್ಷಕಿ, ವಯಸ್ಸು 63. ನಿಮ್ಮೆಲ್ಲರ ಮಾತು ರಾತ್ರಿ ಕೂತು ಓದಿದೆ. ಕಾಲು ದಪ್ಪವಾ ಸಪೂರವಾ ಅಂತ ಇಷ್ಟು ಮಾತು ಆಯಿತು. ಆ ಕಾಲು ನಿಮ್ಮನ್ನು ಎಪ್ಪತ್ತರವರೆಗೆ, ಎಂಬತ್ತರವರೆಗೆ ಹೊರಬೇಕಲ್ಲ ಮಕ್ಕಳೇ.

ನನ್ನ ಆಯಿ ಬಚ್ಚಲಲ್ಲಿ ಜಾರಿ ಬಿದ್ದಳು. ಬಿದ್ದದ್ದು ಒಂದು ಅಡಿ ಎತ್ತರದ ಮಣೆಯಿಂದ. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಆದರೂ ಮತ್ತೆ ಅಡಿಗೆ ಮನೆ ತನಕ ನಡೆಯಲಿಲ್ಲ. ಹದಿನಾಲ್ಕು ತಿಂಗಳು ಜಗಲಿಯ ಮಂಚದ ಮೇಲೆ ಕಳೆದಳು. ಅಂಗಳದಲ್ಲಿ ಅಡಿಕೆ ಒಣಗಿಸುವುದನ್ನು ನೋಡುತ್ತಾ ಮಲಗಿರುತ್ತಿದ್ದಳು. ಮೋಡ ಆದರೆ "ಅಡಿಕೆ ತುಂಬಿರೇ" ಅಂತ ಕೂಗುತ್ತಿದ್ದಳು, ಏಳಲು ಆಗುತ್ತಿರಲಿಲ್ಲ.

ಅವಳು ಹೋದ ವರ್ಷ ನಾನು ಶುರು ಮಾಡಿದೆ. ನಮ್ಮೂರಲ್ಲಿ ಜಿಮ್ ಇಲ್ಲ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಮೊದಲ ದಿನ ನಾಲ್ಕು ಸಲ ಆಯಿತು. ಈಗ ಎದೆಗೆ ಐದು ಕಿಲೋ ಅಕ್ಕಿ ಚೀಲ ಅವುಚಿಕೊಂಡು ಹದಿನೈದು ಸಲ ಏಳುತ್ತೇನೆ, ಮೂರು ಸುತ್ತು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಭಾರ ಬಿದ್ದ ಮೂಳೆ ಗಟ್ಟಿ ಉಳಿಯುತ್ತದೆ ಅಂತ ವೈದ್ಯರೇ ಹೇಳಿದ್ದು. ನನ್ನ ತೊಡೆ ಎಷ್ಟು ಇಂಚು ಅಂತ ನಾನು ಅಳೆದಿಲ್ಲ.

ಯಲ್ಲಾಪುರ ಘಟ್ಟ · ಬೆಳಿಗ್ಗೆ 6:35

ಅಕ್ಕೋರೇ, "ಅಡಿಕೆ ತುಂಬಿರೇ" ಓದಿ ಕಣ್ಣು ತುಂಬಿತು. ನಮ್ಮ ಆಯಿಯೂ ಹಾಗೇ ಕೂಗುತ್ತಿದ್ದಳು. ಅಕ್ಕಿ ಚೀಲ ನಾನೂ ಇವತ್ತಿನಿಂದ ಶುರು.

ದಿನಾ ಐದು ಕಿಲೋಮೀಟರ್ · ಬೆಳಿಗ್ಗೆ 6:58

ನಾನೂ ಕುರ್ಚಿ ಪ್ರಯತ್ನ ಮಾಡುತ್ತೇನೆ. ಬಾರ್ಬೆಲ್ ಮುಟ್ಟುವುದಿಲ್ಲ, ಅದು ಬೇರೆ. ಅಂದ ಹಾಗೆ, ಕಡಲತೀರದಲ್ಲಿ ನಡೆಯುವವರು ಒಣ ಮರಳಲ್ಲಿ ನಡೆಯಿರಿ. ಒದ್ದೆ ಮರಳಿಗಿಂತ ಮೈ ಬೇಗ ಬಿಸಿ ಏರುತ್ತದೆ.

ಫಿಸಿಯೋ ಕುಮಟಾ · ಬೆಳಿಗ್ಗೆ 7:10

ಹೌದು, ಮೆತ್ತನೆ ಮರಳಲ್ಲಿ ಗಟ್ಟಿ ನೆಲಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ ಖರ್ಚಾಗುತ್ತದೆ. ಹಿಮ್ಮಡಿ ನೋವು ಇದ್ದವರು ಮಾತ್ರ ಹುಷಾರು.

ಕೋಡಿಬಾಗದವಳು · ಐದು ವಾರದ ನಂತರ, ಶುಕ್ರವಾರ, ರಾತ್ರಿ 9:15

ತುಂಬ ಜನ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಕಾಲಿನ ವ್ಯಾಯಾಮ ಬಿಡಲಿಲ್ಲ. ಪೆನ್ನಿನ ಗುರುತು ಹಾಕಿ ಬೆಳಿಗ್ಗೆಯೇ ಅಳೆಯುತ್ತಿದ್ದೇನೆ. ಮೊದಲ ಸಲ ಸರಿಯಾಗಿ ಅಳೆದಾಗ 23 ಮುಕ್ಕಾಲು ಬಂತು. ಈ ಭಾನುವಾರ 23ಕಾಲು. ತೂಕ 67.5. ಸ್ಕ್ವಾಟ್ 37.5 ಕೆಜಿ.

ನಾದಿನಿ ಮತ್ತೆ ಬಂದಿದ್ದಳು. ಕಾಲಿನ ಮಾತು ಎತ್ತಿದಳು. ಈ ಸಲ ಸುಮ್ನೆ ಇರಲಿಲ್ಲ ನಾನು. "ಹಾಗೆ ಎಲ್ಲರೆದುರು ಹೇಳಬೇಡ, ನನಗೆ ನೋವಾಗುತ್ತದೆ" ಅಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೋಗುವಾಗ ತನ್ನ ಮಂಡಿನೋವಿನ ಬಗ್ಗೆ ಕೇಳಿದಳು. ಫಿಸಿಯೋ ಅಕ್ಕನ ಹತ್ತಿರ ಒಮ್ಮೆ ತೋರಿಸು ಅಂತ ಹೇಳಿದ್ದೇನೆ.

@ಅಳತೆ ಪುಸ್ತಕ, ಅಕ್ಕ, ಆ ಪ್ಯಾಂಟು ಇನ್ನೂ ಪಿನ್ ಹಾಕಿಯೇ ಹಾಕುತ್ತಿದ್ದೇನೆ. ನಾಳೆ ಅಂಗಡಿ ತೆರೆದಿರುತ್ತದಾ?

ಅಳತೆ ಪುಸ್ತಕ · ರಾತ್ರಿ 9:31

ತೆರೆದಿರುತ್ತದೆ, ಹತ್ತು ಗಂಟೆ ಮೇಲೆ ಬಾ. ಎಲಾಸ್ಟಿಕ್ ಕತ್ತರಿಸಿ ಸೇರಿಸಲು ಇಪ್ಪತ್ತು ನಿಮಿಷ. ಇನ್ನೂ ಇಳಿಸುವ ಯೋಚನೆ ಇದ್ದರೆ ಹೇಳು, ತುಂಡು ಒಳಗೇ ಮಡಚಿ ಬಿಡುತ್ತೇನೆ. ತೊಡೆಯ ಹೊಲಿಗೆ ಮುಟ್ಟುವುದು ಬೇಡ, ಅದು ಸರಿಯಾಗಿಯೇ ಇದೆ.